ಛೇದದಲ್ಲಿ ಯಾರಿದ್ದಾರೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ತಮಿಳುನಾಡಿನ ಲೆಕ್ಕ ಒಬ್ಬ ಹೆಂಗಸಿಗೆ ಸರಾಸರಿ 1.8 ಮಕ್ಕಳು, ಕರ್ನಾಟಕದ ಲೆಕ್ಕ 1.7. ಇದೇ ಅಂಕಿಯನ್ನು ಫ್ರೆಂಚ್ ಜನಸಂಖ್ಯಾ ತಜ್ಞರು ಬರೆದರೆ ಅದರ ಮೇಲೆ ‘ಆಂದೀಸ್ ಸಾಂತೆತೀಕ್ ದ ಫೆಕೊಂದಿತೇ’ ಎಂಬ ತಲೆಬರಹ ಕೂತಿರುತ್ತದೆ. ಚೆನ್ನೈನಲ್ಲಿ ಕೂತ ಅನುವಾದಕ ನಿಘಂಟು ತೆರೆಯುವ ಗೋಜಿಗೂ ಹೋಗದೆ ಅದನ್ನು ಇಂಗ್ಲಿಷಿನಲ್ಲಿ ‘ಸಿಂಥೆಟಿಕ್ ಇಂಡೆಕ್ಸ್ ಆಫ್ ಫೆಕಂಡಿಟಿ’ ಎಂದು ಇಳಿಸಿಬಿಡಬಹುದು. ಪದಕ್ಕೆ ಪದ ಸರಿಯಾಗಿ ಕೂತಂತೆಯೇ ಕಾಣುತ್ತದೆ. ಆದರೆ ಆ ಸಾಲು ಹೇಳುವುದು ಬೇರೆಯೇ ಸಂಗತಿ.

ಇಂಗ್ಲಿಷ್ ಜನಸಂಖ್ಯಾಶಾಸ್ತ್ರದಲ್ಲಿ ‘ಫೆಕಂಡಿಟಿ’ ಎಂದರೆ ಹೆರಲು ದೇಹಕ್ಕಿರುವ ಸಾಮರ್ಥ್ಯ. ‘ಫರ್ಟಿಲಿಟಿ’ ಎಂದರೆ ನಿಜಕ್ಕೂ ಹುಟ್ಟಿದ ಮಕ್ಕಳ ಲೆಕ್ಕ. ಫ್ರೆಂಚಿನಲ್ಲಿ ಇದು ತಿರುವುಮುರುವು. ಅಲ್ಲಿ ಹುಟ್ಟಿದ ಮಕ್ಕಳ ಲೆಕ್ಕಕ್ಕೆ ‘ಫೆಕೊಂದಿತೇ’, ದೇಹದ ಸಾಮರ್ಥ್ಯಕ್ಕೆ ‘ಫೆರ್ತಿಲಿತೇ’. ಎರಡೂ ಲ್ಯಾಟಿನ್ ಬೇರಿನ ಜೋಡಿಗಳೇ, ಆದರೆ ಇಂಗ್ಲಿಷ್ ಕಾಲುವೆ ದಾಟುವಾಗ ಅರ್ಥ ಅದಲುಬದಲಾಗಿದೆ. ಹಾಗಾಗಿ ಆ ಫ್ರೆಂಚ್ ತಲೆಬರಹಕ್ಕೆ ಸರಿಯಾದ ಇಂಗ್ಲಿಷ್ ‘ಟೋಟಲ್ ಫರ್ಟಿಲಿಟಿ ರೇಟ್’. ಮೂರು ಪದಗಳಲ್ಲಿ ಒಂದೂ ಮೂಲದ ಪದವನ್ನು ಹೋಲುವುದಿಲ್ಲ.

ಇದು ಬರೀ ಪದದ ಜಗಳವಲ್ಲ. ತಮಿಳುನಾಡಿನಲ್ಲಿ ‘ಫೆಕೊಂದಿತೇ’ ಇಳಿಯಿತು ಎಂಬ ಫ್ರೆಂಚ್ ವಾಕ್ಯ ಹೇಳುವುದು ಹೆಣ್ಣುಮಕ್ಕಳ ಓದು, ತಡವಾದ ಮದುವೆ, ಎರಡು ಮಕ್ಕಳ ನಂತರದ ಶಸ್ತ್ರಚಿಕಿತ್ಸೆ ಇವುಗಳ ಕಥೆಯನ್ನು. ಅದೇ ವಾಕ್ಯ ಅಜಾಗರೂಕ ಇಂಗ್ಲಿಷಿನಲ್ಲಿ ಒಂದು ರಾಜ್ಯದ ಹೆಂಗಸರೆಲ್ಲ ಬಂಜೆಯರಾಗುತ್ತಿದ್ದಾರೆ ಎಂಬ ಗಾಬರಿಯ ಸುದ್ದಿಯಾಗುತ್ತದೆ. ಚೆನ್ನೈನ ರಸ್ತೆಗಳಲ್ಲಿ ಎದ್ದು ಕಾಣುವ ‘ಫರ್ಟಿಲಿಟಿ ಸೆಂಟರ್’ ಫಲಕಗಳು ಈ ಗೊಂದಲಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತವೆ. ವೈದ್ಯರ ಇಂಗ್ಲಿಷಿನಲ್ಲಿ ‘ಫರ್ಟಿಲಿಟಿ’ಯೇ ಸಾಮರ್ಥ್ಯ, ಜನಗಣತಿಯವರ ಇಂಗ್ಲಿಷಿನಲ್ಲಿ ಅದೇ ಪದ ಎಣಿಕೆ. ಕನ್ನಡ ಪತ್ರಿಕೆಗಳೂ ಈ ಹೊಂಡಕ್ಕೆ ಬಿದ್ದಿವೆ. ‘ಒಟ್ಟು ಫಲವತ್ತತೆ ದರ’ ಎಂದು ಅಚ್ಚಾದಾಗ ಓದುಗನ ಮನಸ್ಸಿಗೆ ಬರುವುದು ಮಣ್ಣಿನ ಗುಣ, ಮಕ್ಕಳ ಎಣಿಕೆಯಲ್ಲ.

ಈ ತೊಡಕನ್ನು ವಿಶ್ವಸಂಸ್ಥೆ ಬಹಳ ಹಿಂದೆಯೇ ಕಂಡುಕೊಂಡಿತ್ತು. 1958ರಲ್ಲಿ ಅದು ಬಹುಭಾಷಾ ಜನಸಂಖ್ಯಾ ನಿಘಂಟನ್ನು ಹೊರತಂದಿತು. ಎರಡನೇ ಆವೃತ್ತಿಯ ಫ್ರೆಂಚ್ ಸಂಪುಟವನ್ನು 1981ರಲ್ಲಿ ಲೂಯಿ ಆನ್ರಿ, ಇಂಗ್ಲಿಷ್ ಸಂಪುಟವನ್ನು 1982ರಲ್ಲಿ ಎತಿಯೆನ್ ವಾನ್ ಡ ವಾಲ್ ಸಿದ್ಧಪಡಿಸಿದರು. ಅದರ ಜಾಣತನ ಇರುವುದು ಜೋಡಣೆಯಲ್ಲಿ. ಅಕಾರಾದಿಯಾಗಿ ಪದಗಳನ್ನು ಸಾಲಾಗಿ ನಿಲ್ಲಿಸದೆ, ವಿಷಯಗಳನ್ನು ಪ್ಯಾರಾಗಳಾಗಿ ವಿವರಿಸಿ ಪ್ರತಿ ಪರಿಕಲ್ಪನೆಗೂ ಒಂದು ಸಂಖ್ಯೆ ಕೊಟ್ಟರು. ಫ್ರೆಂಚ್ ಸಂಪುಟದಲ್ಲಿ ಯಾವ ಸಂಖ್ಯೆಯೋ ಇಂಗ್ಲಿಷಿನಲ್ಲೂ ಅದೇ ಸಂಖ್ಯೆ. ಅನುವಾದಕ ಪದದಿಂದ ಪದಕ್ಕೆ ನೇರ ಜಿಗಿಯುವ ಹಾಗಿಲ್ಲ, ಸಂಖ್ಯೆಯ ಸೇತುವೆ ಹಾದೇ ಹೋಗಬೇಕು.

ಚೆನ್ನೈಗೆ ಇದೆಲ್ಲ ದೂರದ ಪ್ಯಾರಿಸ್‌ನ ಮಾತಲ್ಲ. ಸುಮಾರು 150 ಕಿಲೋಮೀಟರ್ ದಕ್ಷಿಣಕ್ಕೆ ಪುದುಚೇರಿ ಇದೆ. 1954ರ ನವೆಂಬರ್ 1ರಂದು ಆಡಳಿತ ಭಾರತದ ಕೈಗೆ ಬಂದರೂ ಕಾನೂನಿನ ಹಸ್ತಾಂತರ ಮುಗಿದದ್ದು 1962ರ ಆಗಸ್ಟ್ 16ರಂದು. 1956ರ ಒಪ್ಪಂದ ಅಲ್ಲಿ ಫ್ರೆಂಚ್ ಭಾಷೆಗೂ ಅಧಿಕೃತ ಸ್ಥಾನ ಉಳಿಸಿತು. 1955ರಲ್ಲಿ ಅಲ್ಲಿ ಸ್ಥಾಪನೆಯಾದ ಫ್ರೆಂಚ್ ಸಂಶೋಧನಾ ಸಂಸ್ಥೆಯಲ್ಲಿ ಸಂಸ್ಕೃತ, ತಮಿಳು, ಸಸ್ಯಶಾಸ್ತ್ರಗಳ ಜೊತೆಗೆ ಜನಸಂಖ್ಯೆಯ ಅಧ್ಯಯನವೂ ನಡೆಯಿತು. ಫ್ರೆಂಚ್ ಜನಸಂಖ್ಯಾ ತಜ್ಞ ಕ್ರಿಸ್ತೋಫ್ ಗಿಲ್ಮೋತೊ ದಕ್ಷಿಣ ಭಾರತದ ಜನನ ಪ್ರಮಾಣದ ಇಳಿಕೆಯನ್ನು ಜಿಲ್ಲೆ ಜಿಲ್ಲೆಯ ನಕ್ಷೆಯಾಗಿ ಬಿಡಿಸಿದ್ದು ಈ ಸಂಸ್ಥೆಯ ಯೋಜನೆಯಲ್ಲೇ. ಎಸ್. ಇರುದಯ ರಾಜನ್ ಜೊತೆ ಅವರು ಸಂಪಾದಿಸಿದ ಇಂಗ್ಲಿಷ್ ಪುಸ್ತಕ 2005ರಲ್ಲಿ ಬಂತು.

ಗಿಲ್ಮೋತೊ ಹೆಚ್ಚು ಬರೆದ ಇನ್ನೊಂದು ವಿಷಯ ಲಿಂಗಾನುಪಾತ. ಇಲ್ಲಂತೂ ಅನುವಾದಕನಿಗೆ ಭಾಷೆಗಿಂತ ಭಾಗಾಕಾರ ಚೆನ್ನಾಗಿ ಗೊತ್ತಿರಬೇಕು. ಭಾರತದ ಜನಗಣತಿ 1000 ಗಂಡಸರಿಗೆ ಎಷ್ಟು ಹೆಂಗಸರು ಎಂದು ಎಣಿಸುತ್ತದೆ. 2011ರಲ್ಲಿ ತಮಿಳುನಾಡಿನ ಅಂಕಿ 996, ಕರ್ನಾಟಕದ್ದು 973. ಫ್ರೆಂಚರ ‘ರಪೋರ್ ದ ಮಾಸ್ಕ್ಯುಲಿನಿತೇ’ ಎಣಿಸುವುದು 100 ಹೆಂಗಸರಿಗೆ ಎಷ್ಟು ಗಂಡಸರು ಎಂದು. ಆ ಲೆಕ್ಕದಲ್ಲಿ ತಮಿಳುನಾಡು 100.4, ಕರ್ನಾಟಕ 102.8. ನಮ್ಮಲ್ಲಿ ಛೇದದಲ್ಲಿ ಗಂಡಸರಿದ್ದಾರೆ, ಅವರಲ್ಲಿ ಹೆಂಗಸರು.

ಪರಿಣಾಮವೇನು? ನಮ್ಮ ಪಟ್ಟಿಯಲ್ಲಿ ಅಂಕಿ ಏರಿದರೆ ಒಳ್ಳೆಯ ಸುದ್ದಿ, ಅವರ ಪಟ್ಟಿಯಲ್ಲಿ ಏರಿದರೆ ಕೆಟ್ಟದ್ದು. ತಮಿಳುನಾಡಿನ ಸೇಲಂ ಕಡೆಯ ಹೆಣ್ಣು ಶಿಶುಹತ್ಯೆಯ ವಿರುದ್ಧ 1992ರಲ್ಲಿ ಸರ್ಕಾರ ತೊಟ್ಟಿಲು ಯೋಜನೆ ತಂದಿತ್ತು. ಅಂಥ ಜಿಲ್ಲೆಯ ಬಗ್ಗೆ ಅನುಪಾತ ‘ಏರುತ್ತಿದೆ’ ಎಂಬ ಫ್ರೆಂಚ್ ವಾಕ್ಯವನ್ನು ಹಾಗೇ ಇಂಗ್ಲಿಷಿಗೆ ತಂದು ಭಾರತೀಯ ಓದುಗನ ಮುಂದಿಟ್ಟರೆ ಆತ ಸಮಾಧಾನದ ನಿಟ್ಟುಸಿರು ಬಿಡುತ್ತಾನೆ, ಬೆಚ್ಚಿಬೀಳಬೇಕಾದ ಜಾಗದಲ್ಲಿ! ಆರು ವರ್ಷದವರೆಗಿನ ಮಕ್ಕಳ ಅಂಕಿ 2011ರಲ್ಲಿ ತಮಿಳುನಾಡಿಗೆ 943. ಫ್ರೆಂಚ್ ಲೆಕ್ಕದಲ್ಲಿ ಅದು 106. ಈ ಎರಡು ಸಂಖ್ಯೆಗಳು ಒಂದೇ ಸತ್ಯ ಎಂದು ತಿಳಿಯಲು ನಿಘಂಟು ಸಾಲದು, ಕಾಗದ ಪೆನ್ಸಿಲ್ ಬೇಕು. ಇಂಥ ಕಡೆ ಅನುವಾದಕ ಸಂಖ್ಯೆಯನ್ನೂ ಅನುವಾದಿಸಬೇಕೇ? ಬೇಕು, ಕನಿಷ್ಠ ಪಕ್ಷ ಛೇದದಲ್ಲಿ ಯಾರಿದ್ದಾರೆ ಎಂಬುದನ್ನು ವಾಕ್ಯದೊಳಗೇ ಹೇಳಬೇಕು. ಮೂಲಕ್ಕೆ ಏನೂ ಸೇರಿಸಬಾರದು ಎಂಬ ಮಡಿವಂತಿಕೆ ಕಥೆ ಕಾದಂಬರಿಗೆ ಸರಿ, ಅಂಕಿಅಂಶಕ್ಕಲ್ಲ.

ಸಣ್ಣ ಗುರುತುಗಳೂ ಹೀಗೇ ಕೈಕೊಡುತ್ತವೆ. ಜನನ, ಮರಣ ಪ್ರಮಾಣಗಳನ್ನು ಫ್ರೆಂಚರು ಹೆಚ್ಚಾಗಿ ‰ ಗುರುತಿನಲ್ಲಿ ಬರೆಯುತ್ತಾರೆ, ಅಂದರೆ ಸಾವಿರಕ್ಕೆ ಇಷ್ಟು. ಆ ಕೊನೆಯ ಸೊನ್ನೆ ಕಣ್ತಪ್ಪಿ % ಆದರೆ ಒಂದು ಊರಿನ ಸಾವು ಹತ್ತು ಪಟ್ಟಾಯಿತು. ‘ಮಿಲಿಯಾರ್’ ನಮ್ಮ ನೂರು ಕೋಟಿ. ಫ್ರೆಂಚಿನ ‘ಬಿಲಿಯೋಂ’ ಇಂಗ್ಲಿಷ್ ಬಿಲಿಯನ್ ಅಲ್ಲ, ಅದು ಲಕ್ಷ ಕೋಟಿ. ದಶಮಾಂಶಕ್ಕೆ ಅವರು ಚುಕ್ಕಿ ಬದಲು ಅಲ್ಪವಿರಾಮ ಹಾಕುತ್ತಾರೆ. 1,234 ಎಂದು ಬರೆದಿದ್ದರೆ ಅದು ಒಂದರ ಮೇಲೆ ಚಿಲ್ಲರೆ, ಸಾವಿರದ ಇನ್ನೂರ ಮೂವತ್ತನಾಲ್ಕಲ್ಲ.

ಶ್ರೀಪೆರಂಬುದೂರಿನಲ್ಲಿ 2000ದಿಂದ ಸೇಂಟ್ ಗೋಬೇನ್ ಗಾಜು, ಒರಗಡಂನಲ್ಲಿ 2010ರಿಂದ ರೆನೋ–ನಿಸ್ಸಾನ್ ಕಾರು ತಯಾರಾಗುತ್ತಿವೆ. ಹೀಗೆ ಫ್ರೆಂಚ್ ಮೂಲದ ಕಂಪನಿಗಳು ಸುತ್ತ ನೆಲೆಸಿರುವ ಊರಿನಲ್ಲಿ ಫ್ರೆಂಚ್ ತಲೆಬರಹದ ಅಂಕಿಗಳ ಹಾಳೆ ಕಂಪ್ಯೂಟರಿಗೆ ಬರುವುದು ಅಚ್ಚರಿಯಲ್ಲ. ಫ್ರೆಂಚ್ ಎಕ್ಸೆಲ್‌ನಲ್ಲಿ ಸರಾಸರಿಯ ಸೂತ್ರದ ಹೆಸರು ‘ಮ್ವಾಯೆನ್’, ಮಾನಕ ವಿಚಲನೆಗೆ ‘ಎಕಾರ್‌ತೀಪ್’, ಷರತ್ತಿನ ಎಣಿಕೆಗೆ ‘ಎನ್‌ಬಿ.ಎಸ್‌ಐ’. ಸೂತ್ರದೊಳಗಿನ ಪದಗಳ ನಡುವೆ ಅಲ್ಪವಿರಾಮವೂ ಇಲ್ಲ, ಅರ್ಧವಿರಾಮ. ಅಲ್ಪವಿರಾಮವನ್ನು ದಶಮಾಂಶ ನುಂಗಿಬಿಟ್ಟಿದೆಯಲ್ಲ! ಅದೃಷ್ಟಕ್ಕೆ, ಕಡತವನ್ನು ಚೆನ್ನೈನ ಇಂಗ್ಲಿಷ್ ಎಕ್ಸೆಲ್‌ನಲ್ಲಿ ತೆರೆದರೆ ಸೂತ್ರಗಳು ತಾವೇ ಇಂಗ್ಲಿಷಾಗುತ್ತವೆ. ಆಗದೆ ಉಳಿಯುವುದು ಮನುಷ್ಯರು ಕೈಯಾರೆ ಬರೆದ ತಲೆಬರಹಗಳು.

ಅವುಗಳಲ್ಲಿ ಅತಿ ಮೋಸದ್ದು ‘ಫ್ರೆಕಾನ್ಸ್’. 200 ಮನೆಗಳ ಪೈಕಿ 50ರಲ್ಲಿ ಬಾವಿ ಇದೆ ಎಂದುಕೊಳ್ಳೋಣ. ನಮ್ಮ ಶಾಲೆಯ ಆವೃತ್ತಿ ವಿತರಣಾ ಪಟ್ಟಿಯಲ್ಲಿ ಆವೃತ್ತಿ 50. ಇಂಗ್ಲಿಷಿನಲ್ಲೂ ‘ಫ್ರೀಕ್ವೆನ್ಸಿ’ 50. ಫ್ರೆಂಚ್ ಶಾಲೆಯ ಹುಡುಗನಿಗೆ ಆ 50 ‘ಎಫೆಕ್ತಿಫ್’, ‘ಫ್ರೆಕಾನ್ಸ್’ ಅಂದರೆ 0,25. ‘ಎಫೆಕ್ತಿಫ್’ ಅನ್ನು ‘ಎಫೆಕ್ಟಿವ್’ ಎಂದು ಓದಿದವರು, ‘ಫ್ರೆಕಾನ್ಸ್’ ಅನ್ನು ‘ಫ್ರೀಕ್ವೆನ್ಸಿ’ ಎಂದು ಬಿಟ್ಟವರು ಒಂದೇ ಪಟ್ಟಿಯಲ್ಲಿ ಎರಡು ತಪ್ಪು ಮಾಡಿ ಎರಡನ್ನೂ ಗಮನಿಸದೆ ಮುಂದೆ ಹೋಗಬಹುದು.

‘ಎಕಾರ್‌ತೀಪ್’ ಕೂಡ ಕಾಣುವಷ್ಟು ಸಾಧುವಲ್ಲ. 4, 6, 8, 10, 12 ಈ ಐದು ಸಂಖ್ಯೆಗಳ ಸರಾಸರಿ 8. ಸರಾಸರಿಯಿಂದ ದೂರಗಳ ವರ್ಗಗಳ ಮೊತ್ತ 40. ಫ್ರೆಂಚ್ ಶಾಲೆಯಲ್ಲಿ ಅದನ್ನು 5ರಿಂದ ಭಾಗಿಸಿ ವೇರಿಯನ್ಸ್ 8, ಮಾನಕ ವಿಚಲನೆ 2.83 ಎನ್ನುತ್ತಾರೆ. ಇಂಗ್ಲಿಷ್ ಪಠ್ಯದ ‘ಸ್ಯಾಂಪಲ್ ವೇರಿಯನ್ಸ್’ ಬಹುಮಟ್ಟಿಗೆ 4ರಿಂದ ಭಾಗಿಸುತ್ತದೆ. ಉತ್ತರ 10, ವಿಚಲನೆ 3.16. ಫ್ರೆಂಚರು 4ರಿಂದ ಭಾಗಿಸಿದಾಗ ಅದಕ್ಕೆ ‘ತಿದ್ದಿದ ವೇರಿಯನ್ಸ್’ ಎಂಬ ಬೇರೆ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಎಕ್ಸೆಲ್ ಮಾತ್ರ ಯಾರ ಶಾಲೆಗೂ ಹೋಗಿಲ್ಲ: ಅದರ ಹಳೆಯ ‘ಎಕಾರ್‌ತೀಪ್’ ಸೂತ್ರ ಫ್ರೆಂಚ್ ಹೆಸರಿಟ್ಟುಕೊಂಡೇ ಇಂಗ್ಲಿಷ್ ರೀತಿಯಲ್ಲಿ, ಒಂದು ಕಡಿಮೆಯಿಂದ ಭಾಗಿಸುತ್ತದೆ. ಇಲ್ಲೂ ಪ್ರಶ್ನೆ ಅದೇ, ಛೇದದಲ್ಲಿ ಏನಿದೆ?

ಕೆಲವು ಪದಗಳು ಕೇಳಲು ಚಂದ, ಅಪಾಯ ಕಡಿಮೆ. ಇಂಗ್ಲಿಷಿನ ‘ಡಿಸ್ಟ್ರಿಬ್ಯೂಷನ್’ ಫ್ರೆಂಚಿನಲ್ಲಿ ‘ಲ್ವಾ’, ಅಂದರೆ ಕಾನೂನು. 1837ರಲ್ಲಿ ನ್ಯಾಯಾಲಯದ ತೀರ್ಪುಗಳ ಸಂಭವನೀಯತೆ ಕುರಿತು ಗ್ರಂಥ ಬರೆದ ಸಿಮೆಯೋಂ ದೆನಿ ಪ್ವಾಸೋಂ ಅವರ ಹೆಸರಿಗೆ ಮೀನು ಎಂಬ ಅರ್ಥವಿದೆ. ಹಾಗಾಗಿ ‘ಲ್ವಾ ದ ಪ್ವಾಸೋಂ’ ಅನ್ನು ಪದಶಃ ಇಳಿಸಿದರೆ ‘ಮೀನಿನ ಕಾನೂನು’ ಆದೀತು. ನಮ್ಮ ಕಡೆ ಅದಕ್ಕೆ ‘ಮತ್ಸ್ಯನ್ಯಾಯ’ ಎಂಬ ಬೇರೆಯೇ ಅರ್ಥದ ಮಾತು ಈಗಾಗಲೇ ಇದೆ. ‘ಸಾಂತ್ರೇ ರೆದ್ವೀತ್’ ಅಂದರೆ ನಡುವಿಗೆ ತಂದು ತಗ್ಗಿಸಿದ್ದು. ಇಂಗ್ಲಿಷಿನಲ್ಲಿ ಅದು ಬರೀ ‘ಸ್ಟ್ಯಾಂಡರ್ಡ್’. ಗುಂಪು ಗುಂಪಾಗಿ ಮಾದರಿ ಆರಿಸುವ ‘ಕ್ಲಸ್ಟರ್’ ಪದ್ಧತಿಗೆ ಅವರ ಪದ ‘ಗ್ರಾಪ್’, ದ್ರಾಕ್ಷಿ ಗೊಂಚಲು. ಇಂಗ್ಲಿಷರ ಪೈ ಚಾರ್ಟ್ ಫ್ರಾನ್ಸಿನಲ್ಲಿ ‘ಕಮಾಂಬೇರ್’ ಗಿಣ್ಣಾಗಿದೆ. ಬೆಂಗಳೂರಿನಲ್ಲಿ ಹುಟ್ಟಿದ್ದರೆ ಅದು ಹೋಳಿಗೆಯಾಗುತ್ತಿತ್ತೇನೋ. ‘ಅಜಾರ್’ ಎಂಬ ಫ್ರೆಂಚ್ ಆಕಸ್ಮಿಕ ಇಂಗ್ಲಿಷಿಗೆ ಹೋಗಿ ‘ಹಜಾರ್ಡ್’ ಎಂಬ ಅಪಾಯವಾಯಿತು. ಈಗ ಔಷಧ ಪರೀಕ್ಷೆಯ ಇಂಗ್ಲಿಷ್ ವರದಿಯಲ್ಲಿ ಬರುವ ‘ಹಜಾರ್ಡ್ ರೇಷಿಯೊ’ವನ್ನು ಫ್ರೆಂಚ್ ವೈದ್ಯರು ಹಲವು ಬಾರಿ ಇಂಗ್ಲಿಷಿನಲ್ಲೇ ಉಳಿಸಿಕೊಳ್ಳುತ್ತಾರೆ. ತಮ್ಮದೇ ಪದ ಅಪರಿಚಿತ ಮುಖ ಹೊತ್ತು ತವರಿಗೆ ಬಂದದ್ದನ್ನು ಅವರು ಗಮನಿಸಿದ್ದಾರೋ ಇಲ್ಲವೋ.

ಹೆಚ್ಚು ಕಾಡುವುದು ಗಣಿತದ ಸಂಪ್ರದಾಯಗಳು. ಫ್ರೆಂಚಿನಲ್ಲಿ ಸೊನ್ನೆ ‘ಪೊಸಿತೀಫ್’; ಸೊನ್ನೆಯನ್ನು ಹೊರಗಿಡಬೇಕಾದರೆ ‘ಕಟ್ಟುನಿಟ್ಟಾಗಿ ಪೊಸಿತೀಫ್’ ಎಂದು ಸೇರಿಸಬೇಕು. ಇಂಗ್ಲಿಷಿನ ‘ಪಾಸಿಟಿವ್’ ಸೊನ್ನೆಯನ್ನು ಒಳಗೆ ಬಿಡುವುದಿಲ್ಲ. ಒಂದು ದಿನದ ಮಳೆಯ ಪ್ರಮಾಣ ‘ಪೊಸಿತೀಫ್’ ಎಂದರೆ ಮಳೆ ಬಾರದಿದ್ದರೂ ಸರಿ. ‘ಪಾಸಿಟಿವ್’ ಎಂದರೆ ಬಂದೇ ಇರಬೇಕು. ಚೆನ್ನೈನ ಬೇಸಿಗೆಗೆ ಈ ವ್ಯತ್ಯಾಸ ಸಣ್ಣದಲ್ಲ. ‘ಕ್ರ್ವಾಸಾಂತ್’ ಎಂಬ ಏರಿಕೆಯೂ ಹಾಗೆಯೇ: ಅಲ್ಲಲ್ಲಿ ಸಮತಟ್ಟಾಗಿದ್ದರೂ ಅವರಿಗೆ ಅದು ಏರಿಕೆಯೇ. ಕೆಲವು ಫ್ರೆಂಚ್ ಪಠ್ಯಗಳು ಸಂಚಿತ ಸಂಭವನೀಯತೆಯನ್ನು ‘ಇದಕ್ಕಿಂತ ಕಡಿಮೆ’ ಎಂದು ವ್ಯಾಖ್ಯಾನಿಸಿದರೆ, ಇಂಗ್ಲಿಷ್ ಪಠ್ಯಗಳು ‘ಇದು ಅಥವಾ ಇದಕ್ಕಿಂತ ಕಡಿಮೆ’ ಎನ್ನುತ್ತವೆ. ಎತ್ತರ ತೂಕಗಳಿಗೆ ಇದರಿಂದ ನಷ್ಟವಿಲ್ಲ. ಒಂದು, ಎರಡು, ಮೂರು ಎಂದು ಬಿಡಿಬಿಡಿಯಾಗಿ ಎಣಿಸುವ ಅಪಘಾತ, ದೋಷಗಳ ಪಟ್ಟಿಯಲ್ಲಿ ಒಂದು ಇಡೀ ಸಾಲು ಜಾರಿಹೋಗುತ್ತದೆ.

ಈ ಫ್ರೆಂಚ್ ಗಣಿತದ ನಡೆಯನ್ನು ಇಂಗ್ಲಿಷ್ ಮಾಧ್ಯಮದ ಮದರಾಸಿಗೆ ತಂದ ಒಬ್ಬ ಮೇಷ್ಟ್ರಿದ್ದರು. ಶಾರ್ಲ್ ರಸೀನ್, 1897ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಜೆಸ್ಯುಯಿಟ್ ಪಾದ್ರಿ, ಪ್ಯಾರಿಸ್‌ನಲ್ಲಿ ಎಲಿ ಕಾರ್ತಾನ್ ಬಳಿ ಸಂಶೋಧನೆ ಮಾಡಿದವರು. 1937ರಲ್ಲಿ ತಿರುಚಿನಾಪಳ್ಳಿಗೆ, 1939ರಲ್ಲಿ ನುಂಗಂಬಾಕ್ಕಂನ ಲಯೋಲಾ ಕಾಲೇಜಿಗೆ ಬಂದು 1976ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯವರಾಗಿಯೇ ಉಳಿದರು. ರಸೀನ್ ಸಂಖ್ಯಾಶಾಸ್ತ್ರಿಯಲ್ಲ. ಆದರೆ ಕೇಂಬ್ರಿಜ್ ಪರೀಕ್ಷೆಯ ಲೆಕ್ಕಗಳಲ್ಲೇ ಮುಳುಗಿದ್ದ ಊರಿಗೆ ಅವರು ಹೊಸ ಫ್ರೆಂಚ್ ವಿಶ್ಲೇಷಣೆಯ ಗಾಳಿ ತಂದರು. ಅವರ ಶಿಷ್ಯರಾದ ಸಿ. ಎಸ್. ಶೇಷಾದ್ರಿ, ಎಂ. ಎಸ್. ನರಸಿಂಹನ್ 1953ರಲ್ಲಿ ಮುಂಬಯಿಯ ಟಾಟಾ ಸಂಸ್ಥೆಗೆ, ಆಮೇಲೆ ಪ್ಯಾರಿಸ್‌ಗೆ ಹೋದರು. ನರಸಿಂಹನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2021ರಲ್ಲಿ ನಿಧನರಾದರು. ಶೇಷಾದ್ರಿ 1989ರಲ್ಲಿ ಕಟ್ಟಿದ ಸಂಸ್ಥೆಯೇ ಇಂದು ಸಿರುಸೇರಿಯಲ್ಲಿರುವ ಚೆನ್ನೈ ಗಣಿತ ಸಂಸ್ಥೆ. ಪ್ಯಾರಿಸ್‌ನ ಎಕೋಲ್ ನೊರ್ಮಾಲ್ ಜೊತೆ ಅದಕ್ಕೆ ವಿದ್ಯಾರ್ಥಿಗಳ ವಿನಿಮಯ ಒಪ್ಪಂದವಿದೆ.

ಅದೇ ಸಂಸ್ಥೆಯಲ್ಲಿ ನಿರ್ದೇಶಕರಾಗಿದ್ದ ರಾಜೀವ ಕರಂದೀಕರ್ ಮತ್ತು ಬಿ. ವಿ. ರಾವ್ 2018ರಲ್ಲಿ ಸ್ಟೊಕಾಸ್ಟಿಕ್ ಕಲನಶಾಸ್ತ್ರದ ಇಂಗ್ಲಿಷ್ ಪುಸ್ತಕ ತಂದರು. ಬಲದಿಂದ ಅಖಂಡವಾಗಿರುವ, ಎಡದಿಂದ ಮಿತಿಯುಳ್ಳ ಚಲನೆಗಳಿಗೆ ಜಗತ್ತಿನ ಇಂಗ್ಲಿಷ್ ಪುಸ್ತಕಗಳೆಲ್ಲ ಹೆಚ್ಚಾಗಿ ‘ಕಾದ್‌ಲಾಗ್’ ಎನ್ನುತ್ತವೆ. ಅದು ಫ್ರೆಂಚ್ ಪದಗಳ ಮೊದಲಕ್ಷರಗಳನ್ನು ಹೊಲಿದ ಪದ, ಸ್ವರಗಳ ಮೇಲಿನ ಗೀಟುಗಳ ಸಮೇತ ಹಾಗೇ ಆಮದಾಗಿದೆ. ಕರಂದೀಕರ್ ಮತ್ತು ರಾವ್ ಇಂಗ್ಲಿಷ್ ಮೊದಲಕ್ಷರಗಳ ‘ಆರ್‌ಸಿಎಲ್‌ಎಲ್’ ಅನ್ನೇ ಬಳಸುತ್ತಾರೆ. ಓದಲು ಎರಡೂ ಕಷ್ಟವೇ; ಆದರೂ ಎರಡನೆಯದು ಇಂಗ್ಲಿಷ್ ಓದುಗನಿಗೆ ಬಿಡಿಸಿಕೊಳ್ಳಲು ಸಾಧ್ಯವಾದ ಒಗಟು.

ಒಂದು ಇಡೀ ವಿಧಾನವೇ ಅನುವಾದಕ್ಕಾಗಿ ಕಾದು ಕೂತ ಉದಾಹರಣೆಯೂ ಇದೆ. ಜಾನ್ ಪೋಲ್ ಬೆನ್ಜೆಕ್ರಿ 1960ರ ದಶಕದಿಂದ ಬೆಳೆಸಿ 1973ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಪ್ರಕಟಿಸಿದ ‘ಕರೆಸ್ಪಾಂಡೆನ್ಸ್’ ವಿಶ್ಲೇಷಣೆ, ದೊಡ್ಡ ಪಟ್ಟಿಯನ್ನು ಚುಕ್ಕಿಗಳ ನಕ್ಷೆಯಾಗಿ ಮಾರ್ಪಡಿಸುವ ಉಪಾಯ. ಸಮಾಜಶಾಸ್ತ್ರಿ ಪಿಯೆರ್ ಬೂರ್ದಿಯೂ 1979ರಲ್ಲಿ ಫ್ರೆಂಚರ ಅಭಿರುಚಿಯನ್ನು ಅದರಲ್ಲೇ ಬಿಡಿಸಿ ತೋರಿಸಿದರು. ಇಂಗ್ಲಿಷ್ ಜಗತ್ತಿಗೆ ಅದು ಸರಿಯಾಗಿ ತಲುಪಿದ್ದು 1984ರಲ್ಲಿ, ಬೆನ್ಜೆಕ್ರಿಯವರ ಶಿಷ್ಯ, ದಕ್ಷಿಣ ಆಫ್ರಿಕಾದ ಮೈಕೆಲ್ ಗ್ರೀನೇಕರ್ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮೇಲೆ. ಗಣಿತ ಮಾತ್ರ ಪೂರ್ತಿ ಹೊಸದೇನಲ್ಲ. 1935ರಲ್ಲಿ ಹಿರ್ಷ್‌ಫೆಲ್ಡ್, 1940ರಲ್ಲಿ ಫಿಶರ್ ಬೇರೆ ಹೆಸರಿನಲ್ಲಿ ಅದರ ಬೀಜವನ್ನು ಇಂಗ್ಲಿಷಿನಲ್ಲೇ ಬಿತ್ತಿದ್ದರು. ಇಂದು ‘ಆರ್’ ಭಾಷೆಯಲ್ಲಿ ಫ್ರಾನ್ಸಿನ ರೆನ್ ನಗರದ ಫ್ಯಾಕ್ಟೋಮೈನ್‌ಆರ್ ಎಂಬ ತಂತ್ರಾಂಶ ಓಡಿಸುವ ಹುಡುಗ ಹುಡುಗಿಯರು ಪರದೆಯ ಮೇಲೆ ‘ವಿ.ಟೆಸ್ಟ್’ ಎಂಬ ಕಾಲಂ ಕಂಡು ತಮ್ಮ ಇಂಗ್ಲಿಷ್ ಪಠ್ಯದಲ್ಲಿ ಹುಡುಕುತ್ತಾರೆ. ಸಿಕ್ಕುವುದಿಲ್ಲ. ಅದು ಫ್ರೆಂಚ್ ‘ವಾಲೂರ್ ತೆಸ್ತ್’ನ ಇಂಗ್ಲಿಷ್ ವೇಷ, ವೇಷ ಬದಲಾಯಿತು, ಪದ ಫ್ರೆಂಚಾಗಿಯೇ ಉಳಿಯಿತು.

ಕೊನೆಗೆ ಹೆಸರುಗಳ ವಿಷಯ, ಇದರಲ್ಲಿ ಕರ್ನಾಟಕದ ಊರೊಂದಕ್ಕೆ ಪಾಲಿದೆ. ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1920ರ ಸೆಪ್ಟೆಂಬರ್ 10ರಂದು ತೆಲುಗು ಕುಟುಂಬವೊಂದರಲ್ಲಿ ಹುಟ್ಟಿದ್ದು ಹೂವಿನಹಡಗಲಿಯಲ್ಲಿ. ಊರು ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. 1945ರಲ್ಲಿ ಕಲ್ಕತ್ತದ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ, ಪಕ್ಷಪಾತವಿಲ್ಲದ ಯಾವ ಅಂದಾಜೂ ಒಂದು ಮಟ್ಟಕ್ಕಿಂತ ಹೆಚ್ಚು ನಿಖರವಾಗಲಾರದು ಎಂಬ ಗಡಿಯನ್ನು ತೋರಿಸಿತು. ಸ್ವೀಡನ್ನಿನ ಹಾರಾಲ್ಡ್ ಕ್ರಾಮೇರ್ 1946ರ ಪುಸ್ತಕದಲ್ಲಿ ಅದನ್ನೇ ಸ್ವತಂತ್ರವಾಗಿ ಕೊಟ್ಟರು. ಇಂಗ್ಲಿಷ್ ಪಠ್ಯಗಳಲ್ಲಿ ಅದು ಕ್ರಾಮೇರ್–ರಾವ್ ಗಡಿ.

ಫ್ರೆಂಚ್ ಪಠ್ಯ ತೆರೆದರೆ ಅದೇ ಗಡಿಗೆ ನಾಲ್ಕು ಹೆಸರಿನ ಮೆರವಣಿಗೆ ಇರಬಹುದು: ಫ್ರೆಷೇ–ದಾರ್ಮ್ವಾ–ಕ್ರಾಮೇರ್–ರಾವ್. ಮೋರಿಸ್ ಫ್ರೆಷೇ 1943ರಲ್ಲಿ, ಜಾರ್ಜ್ ದಾರ್ಮ್ವಾ 1945ರಲ್ಲಿ ಈ ಅಸಮತೆಯ ಬಗ್ಗೆ ಫ್ರೆಂಚಿನಲ್ಲಿ ಬರೆದಿದ್ದರು. ಇಂಗ್ಲಿಷಿಗೆ ತರುವಾಗ ಮೊದಲೆರಡು ಹೆಸರು ಉದುರಿಸಿ ರೂಢಿಯ ‘ಕ್ರಾಮೇರ್–ರಾವ್’ ಎಂದರೆ ವಾಕ್ಯ ಹಗುರವಾಗುತ್ತದೆ, ಓದುಗನಿಗೆ ತಕ್ಷಣ ಗುರುತು ಸಿಗುತ್ತದೆ. ಆದರೆ ಯಾರು ಮೊದಲು ಕಂಡರು ಎಂಬ ಫ್ರೆಂಚ್ ಲೇಖಕನ ವಾದವೂ ಅದರ ಜೊತೆ ಉದುರಿಹೋಗುತ್ತದೆ. ಮೊದಲ ಸಲ ನಾಲ್ಕೂ ಹೆಸರು, ಆಮೇಲೆ ಎರಡೇ ಎಂಬ ಮಧ್ಯದ ದಾರಿ ಮೇಲು. ರಾವ್ ಅವರ ಹೆಸರು ಎರಡೂ ಭಾಷೆಗಳಲ್ಲಿ ಕೊನೆಗೇ ಬರುತ್ತದೆ. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು. ಪ್ರಶಸ್ತಿಯ ಘೋಷಣೆ ಎತ್ತಿ ಹೇಳಿದ್ದು 78 ವರ್ಷ ಹಳೆಯ ಅದೇ ಕಲ್ಕತ್ತದ ಲೇಖನವನ್ನು. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.